ಸರ್ಜರಿ ತರಬೇತಿಯ ಜೊತೆಗೇ ಸಂಶೋಧನೆ ಸಾಧ್ಯವೇ? ಕೊಡಗಿನ ಹೌಸ್‌ಸರ್ಜನ್ ಒಬ್ಬರ ಪ್ರಶ್ನೆ

ಮೂರ್ನಾಡು ಹೌಸ್‌ಸರ್ಜನ್

ಹಿರಿಯರಿಗೂ ಸಹೋದ್ಯೋಗಿಗಳಿಗೂ ನಮಸ್ಕಾರ. ನಾನು ಎಂ.ಬಿ.ಬಿ.ಎಸ್. ಮುಗಿಸಿ ಕೊಡಗಿನಲ್ಲಿಯೇ ಹೌಸ್‌ಸರ್ಜನ್ಸಿ ಮಾಡುತ್ತಿದ್ದೇನೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿ ತಕ್ಕ ರ್‍ಯಾಂಕ್ ಬಂದರೆ ಎಂ.ಎಸ್. ಜನರಲ್ ಸರ್ಜರಿಗೆ ಸೇರಬೇಕೆಂಬುದು ಬಹಳ ಹಿಂದಿನ ಆಸೆ. ಇತ್ತೀಚೆಗೆ ಸಂಶೋಧನೆಯ ಕಡೆಗೂ ಮನಸ್ಸು ಹರಿಯುತ್ತಿದೆ, ಮತ್ತು ಎರಡನ್ನೂ ಒಟ್ಟಿಗೆ ಹಿಡಿಯಲು ಹೋಗಿ ಎರಡನ್ನೂ ಕೆಡಿಸಿಕೊಳ್ಳುತ್ತೇನೆಯೇ ಎಂಬ ಭಯವೂ ಇದೆ.

ಈ ಆಸಕ್ತಿ ಪುಸ್ತಕದಿಂದ ಬಂದದ್ದಲ್ಲ. ಕಾಳುಮೆಣಸಿನ ಕೊಯ್ಲಿನ ಕಾಲದಲ್ಲಿ ಕ್ಯಾಶುವಾಲ್ಟಿಗೆ ಬರುವ ತೋಟದ ಕಾರ್ಮಿಕರನ್ನು ನೀವೆಲ್ಲರೂ ನೋಡಿರುತ್ತೀರಿ: ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ ಜಾರಿ ಬಿದ್ದವರು, ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗುಲಿ ಸುಟ್ಟುಕೊಂಡವರು, ಮಳೆಗೆ ಮುನ್ನ ಮರಗಸಿ (ನೆರಳಿನ ಮರದ ಕೊಂಬೆ ಸವರುವ ಕೆಲಸ) ಮಾಡುವಾಗ ಕಡಿದ ಕೊಂಬೆಯ ಜೊತೆಗೇ ಕೆಳಗೆ ಬಂದವರು. ಪಕ್ಕೆಲುಬು ಮುರಿದವರು, ಗುಲ್ಮ (ಸ್ಪ್ಲೀನ್) ಒಡೆದು ಹೊಟ್ಟೆಯಲ್ಲಿ ರಕ್ತ ತುಂಬಿದವರು, ಬೆನ್ನುಮೂಳೆಗೆ ಪೆಟ್ಟು ಬಿದ್ದು ಕಾಲು ಎತ್ತಲಾಗದವರು ಎಲ್ಲರೂ ಇವರಲ್ಲಿದ್ದಾರೆ. ಆದರೆ ಕೇಸ್ ಶೀಟಿನಲ್ಲಿ ಇವರೆಲ್ಲರಿಗೂ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು: ‘ಎತ್ತರದಿಂದ ಬಿದ್ದು ಪೆಟ್ಟು’. ಎಷ್ಟು ಎತ್ತರ, ಯಾವ ಬಗೆಯ ಏಣಿ, ಸೊಂಟಕ್ಕೆ ಹಗ್ಗ ಕಟ್ಟಿದ್ದರೇ, ಬಿದ್ದ ಎಷ್ಟು ಹೊತ್ತಿಗೆ ಆಸ್ಪತ್ರೆಗೆ ತಂದರು ಎಂಬುದನ್ನು ಯಾರೂ ಬರೆದಿರುವುದಿಲ್ಲ. ಇದನ್ನು ಕ್ರಮವಾಗಿ ದಾಖಲಿಸಿ ಅಧ್ಯಯನ ಮಾಡಬಾರದೇಕೆ ಎಂದು ನನಗೆ ಅನ್ನಿಸಿತು.

ಮನೆಯಲ್ಲಿ ಮತ್ತು ಪರಿಚಿತ ವೈದ್ಯರಲ್ಲಿ ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ಕೈ ಪಳಗಲಿ, ಪೇಪರ್ ಬರೆಯುವುದು ಪ್ರೊಫೆಸರ್ ಆದ ಮೇಲಿನ ಮಾತು ಎನ್ನುವವರು ಒಂದು ಕಡೆ. ಈಗಲೇ ಪ್ರಕಟಣೆಗಳಿಲ್ಲದಿದ್ದರೆ ಮುಂದೆ ಒಳ್ಳೆಯ ಸಂಸ್ಥೆಗಳಲ್ಲಿ ಕೇಳುವವರಿಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಕೇಳಬೇಕೆಂದಿರುವುದು ಇಷ್ಟು. ಪಿಜಿಯ ಮೂರು ವರ್ಷಗಳಲ್ಲಿ ಆಪರೇಷನ್ ಕಲಿಯುವುದಕ್ಕೆ ಕೊರತೆಯಾಗದಂತೆ ಸಂಶೋಧನೆಗೆ ಎಷ್ಟು ಜಾಗ ಕೊಡಬಹುದು? ಸಂಶೋಧನೆಗೆಂದೇ ಒಂದು ವರ್ಷ ಬಿಡುವು ಮಾಡಿಕೊಳ್ಳುವುದು ಸರಿಯೇ? ಪ್ರಯೋಗಾಲಯವಿಲ್ಲದ, ರೋಗಿಗಳ ಸಂಖ್ಯೆಯೂ ಸೀಮಿತವಾಗಿರುವ ನಮ್ಮಂಥ ಜಿಲ್ಲೆಯಲ್ಲಿ ಮಾಡಿದ ಕೆಲಸಕ್ಕೆ ಬೆಲೆ ಉಂಟೇ?

ಗೋಣಿಕೊಪ್ಪಲು ಸರ್ಜನ್

ನಿಮ್ಮ ಪ್ರಶ್ನೆ ಚೆನ್ನಾಗಿದೆ, ಆದರೆ ನನ್ನ ಉತ್ತರ ನಿಮಗೆ ಹಿಡಿಸದೆ ಇರಬಹುದು.

ಕೊಡಗಿನಲ್ಲಿ ರಾತ್ರಿ ಹೊಟ್ಟೆನೋವೆಂದು ಬಂದವನ ಕರುಳು ತೂತಾಗಿದ್ದರೆ ಅವನಿಗೆ ಬೇಕಾದದ್ದು ನಿಮ್ಮ ಪ್ರಕಟಣೆಗಳ ಪಟ್ಟಿಯಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಹೋಗಬೇಕಾದರೆ ಸಂಪಾಜೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಆ ದಾರಿಯನ್ನು ನಂಬುವಂತಿಲ್ಲ. ಇಲ್ಲಿ ನಿಲ್ಲುವ ಸರ್ಜನ್‌ಗೆ ಯಾರನ್ನು ಕಳುಹಿಸಬೇಕು, ಯಾರನ್ನು ಇಲ್ಲಿಯೇ ತೆರೆಯಬೇಕು ಎಂಬ ತೀರ್ಮಾನ ಬರಬೇಕು, ತೆರೆದ ಮೇಲೆ ಮುಗಿಸುವ ಕೈ ಇರಬೇಕು. ಎರಡೂ ಬರುವುದು ಓ.ಟಿ.ಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಮತ್ತು ವಾರ್ಡಿನಲ್ಲಿ. ಮೂರು ವರ್ಷ ಎನ್ನುವುದು ಕೇಳುವುದಕ್ಕೆ ದೀರ್ಘ. ಅದರಲ್ಲಿ ಬೇರೆ ವಿಭಾಗಗಳ ಪೋಸ್ಟಿಂಗ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಇದೆ, ಕೊನೆಯ ಕೆಲವು ತಿಂಗಳು ಪರೀಕ್ಷೆಯ ಓದು ನುಂಗಿಹಾಕುತ್ತದೆ. ಉಳಿದದ್ದರಲ್ಲಿ ಹರ್ನಿಯಾ, ಅಪೆಂಡಿಕ್ಸ್, ಕರುಳಿನ ಜೋಡಣೆ, ಲ್ಯಾಪರೊಸ್ಕೋಪಿ ಎಲ್ಲವೂ ಕೈಗೆ ಹತ್ತಬೇಕು.

ಇನ್ನು, ಪಿಜಿ ಸೇರಿದ ಕೂಡಲೇ ‘ನಿಮ್ಮ ಅಮೂಲ್ಯ ಲೇಖನವನ್ನು ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ’ ಎಂದು ಹಣ ಕೇಳುವ ಪತ್ರಿಕೆಗಳ ಮೇಲ್ ಬರಲು ಆರಂಭವಾಗುತ್ತದೆ. ಅದಕ್ಕೆ ಬಲಿಯಾಗಿ ಹತ್ತಾರು ಪೇಪರ್ ಹೆಸರಿನಲ್ಲಿಟ್ಟುಕೊಂಡು ಒಂದು ಹೈಡ್ರೋಸಿಲ್ (ವೃಷಣದ ಸುತ್ತ ನೀರು ತುಂಬಿದ ಬಾವು) ಆಪರೇಷನ್ ಅನ್ನು ಒಬ್ಬಂಟಿಯಾಗಿ ಮಾಡಲು ಹೆದರುವವರನ್ನು ನಾನು ನೋಡಿದ್ದೇನೆ.

ಸಂಶೋಧನೆಯೇ ಬೇಡ ಎಂದು ಹೇಳುತ್ತಿಲ್ಲ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೋಂಡಾಯಿಚೆ ಎಂಬ ಸಣ್ಣ ಊರಿನ ಸರ್ಜನ್ ರವೀಂದ್ರನಾಥ ತೊಂಗಾಂವ್ಕರ್ ಅವರು ಹರ್ನಿಯಾಕ್ಕೆ ಒಳಗೆ ಹೊಲಿಯುವ ದುಬಾರಿ ಮೆಶ್ (ಬಲೆ) ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಸ್ಟೆರಿಲೈಸ್ ಮಾಡಿ ಬಳಸಿದರು. ಅವರು ಮೊದಲು ಹರ್ನಿಯಾ ಮಾಡುವ ಸರ್ಜನ್, ಪ್ರಶ್ನೆ ಹುಟ್ಟಿದ್ದು ಆಮೇಲೆ. ಆ ಅನುಕ್ರಮವನ್ನು ತಿರುಗಿಸಬೇಡಿ ಎಂಬುದಷ್ಟೇ ನನ್ನ ಮಾತು.

ಕಮ್ಯುನಿಟಿ ಮೆಡಿಸಿನ್ ಮೇಷ್ಟ್ರು, ಕುಶಾಲನಗರ

ಸರ್ಜನ್ ಸರ್ ಕೊಟ್ಟ ಉದಾಹರಣೆಯನ್ನೇ ನಾನು ಮುಂದುವರಿಸುತ್ತೇನೆ, ಏಕೆಂದರೆ ಅದರ ಅರ್ಧವನ್ನು ಮಾತ್ರ ಅವರು ಹೇಳಿದ್ದಾರೆ. ಆ ಕೆಲಸ ಹೊರಗೆ ತಿಳಿದದ್ದು ಸೊಳ್ಳೆಪರದೆಯ ಬಟ್ಟೆಯನ್ನು ಬಳಸಿದ್ದರಿಂದ ಮಾತ್ರವಲ್ಲ. ಹಲವು ಕೇಂದ್ರಗಳ ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ 2003ರಲ್ಲಿ ಇಂಡಿಯನ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟಿಸಿದ್ದರಿಂದ ತಿಳಿಯಿತು. ಅದೇ ಪ್ರಶ್ನೆ ಬೆಳೆದು, ಉಗಾಂಡಾದಲ್ಲಿ 302 ಪುರುಷರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗವಾಗಿ (ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ), 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅಗ್ಗದ ಬಲೆಗೂ ಕಂಪನಿಯ ಮೆಶ್‌ಗೂ ಒಂದು ವರ್ಷದ ಬಳಿಕ ಹರ್ನಿಯಾ ಮರುಕಳಿಸುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೈ ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೆ ಬರೆದಿಡುವ ಅಭ್ಯಾಸ ಕೈ ಪಳಗಿದ ಮೇಲೆ ತಾನಾಗಿ ಬರುವುದಿಲ್ಲ. ಹೊಲಿಗೆ ಹಾಕುವುದನ್ನು ಕಲಿಯುವ ವಯಸ್ಸಿನಲ್ಲಿಯೇ ಅದನ್ನೂ ಕಲಿಯಬೇಕು.

ಮತ್ತೊಂದು ಮಾತನ್ನು ಪ್ರಶ್ನೆ ಕೇಳಿದವರು ಗಮನಿಸಬೇಕು. ಸಂಶೋಧನೆ ಮಾಡಬೇಕೇ ಬೇಡವೇ ಎಂಬ ಆಯ್ಕೆಯೇ ಎಂ.ಎಸ್. ವಿದ್ಯಾರ್ಥಿಗೆ ಇಲ್ಲ. ಥೀಸಿಸ್ ಕಡ್ಡಾಯ. ಮೊದಲ ಆರು ತಿಂಗಳೊಳಗೆ ಸಿನಾಪ್ಸಿಸ್ (ಅಧ್ಯಯನದ ಸಂಕ್ಷಿಪ್ತ ಯೋಜನೆ) ಹೋಗಬೇಕು, ಥಿಯರಿ ಪರೀಕ್ಷೆಗೆ ಆರು ತಿಂಗಳು ಮುಂಚೆ ಥೀಸಿಸ್ ಸಲ್ಲಿಸಿರಬೇಕು. ಅದರ ಜೊತೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಂಶೋಧನಾ ವಿಧಾನದ ಕೋರ್ಸ್ ಒಂದನ್ನೂ ಮುಗಿಸಬೇಕೆನ್ನುತ್ತದೆ. ಹಾಗಾಗಿ ಪ್ರಶ್ನೆ ಇರುವುದು ಆ ಸಮಯವನ್ನು ನಿಜವಾದ ಕೆಲಸಕ್ಕೆ ಬಳಸುತ್ತೀರೋ, ಇಲ್ಲ ಸೀನಿಯರ್‌ನ ಥೀಸಿಸ್‌ನಲ್ಲಿ ಔಷಧದ ಹೆಸರನ್ನು ಬದಲಿಸಿ ಬೈಂಡಿಂಗ್‌ಗೆ ಕೊಡುತ್ತೀರೋ ಎಂಬುದರಲ್ಲಿ.

ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪು ವಿಷಯದ ಆಯ್ಕೆಯಲ್ಲಿದೆ. ‘ಈ ವಿಧಾನಕ್ಕೂ ಆ ವಿಧಾನಕ್ಕೂ ತುಲನಾತ್ಮಕ ಅಧ್ಯಯನ’ ಎಂದು ಹೆಸರಿಟ್ಟು ಈ ಕಡೆ 30, ಆ ಕಡೆ 30 ರೋಗಿಗಳನ್ನು ಇಡುತ್ತಾರೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನೇ ತೆಗೆದುಕೊಳ್ಳೋಣ. ಒಂದು ಗುಂಪಿನಲ್ಲಿ ಸೋಂಕು ಶೇ 14 ಇದ್ದರೆ, ಇನ್ನೊಂದರಲ್ಲಿ ಅದು ಶೇ 46ರ ಆಸುಪಾಸಿಗೆ ಏರಿದ್ದರೆ ಮಾತ್ರ 30–30ರ ಅಧ್ಯಯನ ಆ ವ್ಯತ್ಯಾಸವನ್ನು ಶೇ 80ರಷ್ಟು ಭರವಸೆಯಿಂದ ಹಿಡಿಯಬಲ್ಲದು. ಅಷ್ಟು ದೊಡ್ಡ ವ್ಯತ್ಯಾಸವಿದ್ದರೆ ಅಧ್ಯಯನವೇ ಬೇಕಿಲ್ಲ, ವಾರ್ಡಿನ ಸಿಸ್ಟರ್ ಅದನ್ನು ಮೊದಲೇ ಹೇಳಿರುತ್ತಾರೆ. ಹೊಟ್ಟೆಯ ಗಾಯವನ್ನು ಮುಚ್ಚುವ ಮುನ್ನ ಕೈಗವಸು ಮತ್ತು ಉಪಕರಣಗಳನ್ನು ಬದಲಿಸಿದರೆ ಸೋಂಕು ಇಳಿಯುತ್ತದೆಯೇ ಎಂದು ಪರೀಕ್ಷಿಸಿದ ಚೀಟಾ ಪ್ರಯೋಗದಲ್ಲಿ ಸೋಂಕು ಶೇ 18.9ರಿಂದ ಶೇ 16ಕ್ಕೆ ಇಳಿಯಿತು. ಕೇಳುವುದಕ್ಕೆ ಇದು ಸಣ್ಣ ಇಳಿಕೆ, ರೋಗಿಗಳಿಗೆ ದೊಡ್ಡ ಲಾಭ. ಅದನ್ನು ತೋರಿಸಲು ಭಾರತವೂ ಸೇರಿ 7 ದೇಶಗಳ 81 ಆಸ್ಪತ್ರೆಗಳ 13,301 ರೋಗಿಗಳು ಬೇಕಾದರು. ಒಬ್ಬ ಪಿಜಿ ಒಂದು ಆಸ್ಪತ್ರೆಯಲ್ಲಿ ಕುಳಿತು ಇಂಥ ಪ್ರಶ್ನೆಗೆ ಉತ್ತರ ಹುಡುಕಬಾರದು.

ಅವನು ಮಾಡಬಹುದಾದದ್ದು ಬೇರೆ ಇದೆ. ‘ನಮ್ಮಲ್ಲಿ ಎಷ್ಟು’ ಎಂಬ ಪ್ರಶ್ನೆಗೆ ಅಷ್ಟು ಜನ ಬೇಡ. ಸೋಂಕು ಶೇ 14ರ ಸುತ್ತ ಇರಬಹುದೆಂದು ಎಣಿಸಿ, ಉತ್ತರ ಐದು ಶೇಕಡಾ ಅಂಶ ಹೆಚ್ಚು ಕಡಿಮೆಯಾದರೂ ಪರವಾಗಿಲ್ಲ ಎಂದುಕೊಂಡರೆ ಸೂತ್ರದ ಪ್ರಕಾರ 193 ರೋಗಿಗಳು ಸಾಕು. ಒಂದು ವರ್ಷದಲ್ಲಿ ಇದು ಜಿಲ್ಲೆಯಲ್ಲಿಯೇ ಸಾಧ್ಯ. ಆದರೆ ಪ್ರತಿಯೊಬ್ಬರನ್ನೂ ಆಪರೇಷನ್ ಆದ 30 ದಿನಗಳವರೆಗೆ ಹಿಂಬಾಲಿಸಬೇಕು. ಗಾಯ ಕೆಡುವುದು ಎಷ್ಟೋ ಸಲ ಡಿಸ್ಚಾರ್ಜ್ ಆದ ಮೇಲೆ. ಕೊಡಗಿನಲ್ಲಿ ಕಷ್ಟವಿರುವುದು ಇಲ್ಲಿಯೇ. ಅಸ್ಸಾಂನಿಂದ ಬಂದ ಕಾರ್ಮಿಕ ಕೊಯ್ಲು ಮುಗಿದರೆ ಊರಿಗೆ ಹೊರಟಿರುತ್ತಾನೆ, ಲೈನ್ ಮನೆಯಲ್ಲಿರುವವರು ಮುಂದಿನ ತಿಂಗಳು ಬೇರೆ ತೋಟಕ್ಕೆ ಹೋಗಿರುತ್ತಾರೆ, ಜುಲೈನಲ್ಲಿ ಫೋನ್ ಮಾಡಿದರೆ ನೆಟ್‌ವರ್ಕ್ ಇರುವುದಿಲ್ಲ. ಆದ್ದರಿಂದ ದಾಖಲಾತಿಯ ದಿನವೇ ರೋಗಿಯ ನಂಬರಿನ ಜೊತೆಗೆ ಮೇಸ್ತ್ರಿಯದೋ ಸಂಬಂಧಿಕರದೋ ಇನ್ನೊಂದು ನಂಬರನ್ನು, ರೋಗಿಯ ಒಪ್ಪಿಗೆ ಪಡೆದು, ಬರೆದುಕೊಳ್ಳಿ.

ಏಣಿಯಿಂದ ಬೀಳುವವರ ಅಧ್ಯಯನ ಒಳ್ಳೆಯ ವಿಷಯ. ಆದರೆ ಅದರಿಂದ ಏನು ಹೇಳಲಾಗುವುದಿಲ್ಲ ಎಂಬುದು ಮೊದಲೇ ಸ್ಪಷ್ಟವಾಗಿರಲಿ. ಸ್ಥಳದಲ್ಲಿಯೇ ಪ್ರಾಣ ಬಿಟ್ಟವರು ನಿಮ್ಮ ವಾರ್ಡಿಗೆ ಬರುವುದಿಲ್ಲ, ನೇರವಾಗಿ ಮೈಸೂರಿಗೆ ಒಯ್ದವರೂ ಬರುವುದಿಲ್ಲ. ಆದ್ದರಿಂದ ‘ಕೊಡಗಿನಲ್ಲಿ ಇಷ್ಟು ಜನ ಬೀಳುತ್ತಾರೆ’ ಎಂದು ಬರೆಯುವ ಹಾಗಿಲ್ಲ. ‘ಈ ಆಸ್ಪತ್ರೆಗೆ ತಲುಪಿದವರಲ್ಲಿ ಹೀಗಿತ್ತು’ ಎನ್ನಬಹುದು, ಅಷ್ಟೇ. ಇನ್ನೊಂದು ತೊಡಕು ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು. ಪೊಲೀಸು, ಪರಿಹಾರ ಎಂಬ ಮಾತು ಬಂದರೆ ಕರೆತಂದವರು ‘ಬಚ್ಚಲಲ್ಲಿ ಜಾರಿದ’ ಎನ್ನುವ ಸಾಧ್ಯತೆ ಇದ್ದೇ ಇದೆ. ತೋಟದ ರೈಟರ್ (ಕೆಲಸದ ಲೆಕ್ಕ ನೋಡುವವನು) ಪಕ್ಕದಲ್ಲಿ ನಿಂತಿರುವಾಗ ರೋಗಿಯಿಂದ ಒಪ್ಪಿಗೆ ಪಡೆಯುವುದಾಗಲೀ ವಿವರ ಕೇಳುವುದಾಗಲೀ ಸರಿಯಲ್ಲ. ಅವನೊಬ್ಬನೇ ಇರುವಾಗ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೇಳಿ. ಹಿಂದಿ, ಯರವ, ತಮಿಳು ಯಾವುದಾದರೂ ಆಗಬಹುದು. ಹೆಸರು ಮತ್ತು ಫೋನ್ ನಂಬರ್ ಒಂದು ಪುಸ್ತಕದಲ್ಲಿ, ಗಾಯದ ವಿವರ ಸಂಕೇತ ಸಂಖ್ಯೆಯೊಡನೆ ಇನ್ನೊಂದರಲ್ಲಿ ಇರಲಿ.

ಅಧ್ಯಯನ ನೈತಿಕವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲ ರೋಗಿಗಿಂತ ಮುಂಚೆ ಕೈಯಲ್ಲಿರಬೇಕು. ಮಾಹಿತಿ ಕೂಡಿಸಿಟ್ಟು ಆಮೇಲೆ ಒಪ್ಪಿಗೆ ಕೇಳಿದರೆ ಸಿಗುವುದಿಲ್ಲ. ಚಿಕಿತ್ಸೆಯನ್ನೇ ಬದಲಿಸಿ ನೋಡುವ ಪ್ರಯೋಗವಾದರೆ ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿ.ಟಿ.ಆರ್.ಐ.ಯಲ್ಲಿಯೂ ಮೊದಲೇ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿ ನಿಂತಿದೆ. 2016ರಿಂದ ಮಡಿಕೇರಿಯಲ್ಲಿಯೇ ವೈದ್ಯಕೀಯ ಕಾಲೇಜು ಇರುವುದರಿಂದ ಅಂಕಿಅಂಶದ ವಿಷಯಕ್ಕೆ ಸಲಹೆ ಕೇಳಲು ನೀವು ಘಾಟಿ ಇಳಿಯಬೇಕಾಗಿಲ್ಲ.

ಅಮ್ಮತ್ತಿಯಿಂದ ಬರ್ಮಿಂಗ್‌ಹ್ಯಾಮ್

ಒಂದು ವರ್ಷದ ಬಿಡುವಿನ ವಿಷಯಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಇಂಗ್ಲೆಂಡಿನಲ್ಲಿ ಸರ್ಜರಿ ತರಬೇತಿಯಲ್ಲಿರುವವಳು.

ಇಲ್ಲಿ ಅಕಾಡೆಮಿಕ್ ಕ್ಲಿನಿಕಲ್ ಫೆಲೋ ಎಂಬ ಹುದ್ದೆಗಳಿವೆ. ವೈದ್ಯ ಸಂಶೋಧಕರ ತರಬೇತಿಯ ಬಗೆಗಿನ 2005ರ ವಾಲ್‌ಪೋರ್ಟ್ ವರದಿಯ ನಂತರ ಬಂದ ವ್ಯವಸ್ಥೆ ಇದು: ಮುಕ್ಕಾಲು ಪಾಲು ಸಮಯ ರೋಗಿಗಳ ಕೆಲಸಕ್ಕೆ, ಕಾಲು ಪಾಲು ಸಂಶೋಧನೆಗೆ, ಮತ್ತು ಆ ಕಾಲು ಪಾಲನ್ನು ರೋಟಾದಲ್ಲಿಯೇ (ಡ್ಯೂಟಿ ಪಟ್ಟಿಯಲ್ಲಿಯೇ) ಕಾಯ್ದಿರಿಸಿರುತ್ತಾರೆ. ಅಮೆರಿಕದಲ್ಲಿ ಜನರಲ್ ಸರ್ಜರಿ ಐದು ವರ್ಷ. ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಹಲವರು ನಡುವೆ ಒಂದೆರಡು ವರ್ಷ ಲ್ಯಾಬಿಗೆ ಹೋಗಿ ಮರಳುತ್ತಾರೆ. ಈ ಎರಡನ್ನೂ ನೋಡಿ ನಮ್ಮಲ್ಲಿಯೂ ಹಾಗೆ ಮಾಡಬೇಕೆಂದು ಆಸೆಯಾಗುವುದು ಸಹಜ. ಆದರೆ ಅಲ್ಲಿ ಬಿಡುವಿಗೆ ಹೋದವರಿಗೆ ಸಂಬಳವೂ, ಮರಳಿ ಬರಲು ಜಾಗವೂ, ಕೆಲಸ ಕಲಿಸುವ ತಂಡವೂ ಮೊದಲೇ ಸಿದ್ಧವಿರುತ್ತದೆ. ನಮ್ಮ ಮೂರು ವರ್ಷದ ಎಂ.ಎಸ್.ನಲ್ಲಿ ಅಂಥ ತೆರಪಿಲ್ಲ. ಪಿಜಿಗೆ ಮುನ್ನ, ಗೈಡ್ ಇಲ್ಲದೆ, ‘ಸಂಶೋಧನೆಗಾಗಿ’ ಎಂದು ಮನೆಯಲ್ಲಿ ಕುಳಿತ ವರ್ಷ ಕೊನೆಗೆ ನೀಟ್ ಓದಿನ ವರ್ಷವಾಗಿಯೇ ಮುಗಿಯುತ್ತದೆ. ಹಾಗಾಗಿ ಬಿಡುವು ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೌಸ್‌ಸರ್ಜನ್ಸಿ ತಲುಪಿದವರಿಗೆ ಇದು ತಡವಾಯಿತು, ಆದರೆ ಈ ಚರ್ಚೆಯನ್ನು ಓದುವ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ: ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 1979ರಲ್ಲಿ ಆರಂಭಿಸಿದ ಎಸ್.ಟಿ.ಎಸ್. ಎಂಬ ವಿದ್ಯಾರ್ಥಿ ಯೋಜನೆ ಎರಡು ತಿಂಗಳ ಸಣ್ಣ ಕೆಲಸವನ್ನು ಗೈಡ್ ಸಮೇತ ಮಾಡಿಸುತ್ತದೆ.

ಒಬ್ಬಂಟಿ ಅಧ್ಯಯನದ ಮಿತಿಯನ್ನು ಮೇಷ್ಟ್ರು ತೋರಿಸಿದ್ದಾರೆ. ಅದಕ್ಕೆ ಪರಿಹಾರವೂ ಇದೆ. ಗ್ಲೋಬಲ್‌ಸರ್ಜ್ ಎಂಬ ಕೂಟದ ಎರಡನೇ ಅಧ್ಯಯನಕ್ಕೆ ಪ್ರತಿ ಆಸ್ಪತ್ರೆಯಿಂದ ಬೇಕಾದದ್ದು ಎರಡು ವಾರಗಳ ಅವಧಿಯಲ್ಲಿ ಜೀರ್ಣಾಂಗದ ಆಪರೇಷನ್ ಆದ ಎಲ್ಲ ರೋಗಿಗಳ ವಿವರ ಮತ್ತು 30 ದಿನಗಳ ಹಿಂಬಾಲನೆ. ಹಾಗೆ 66 ದೇಶಗಳ 343 ಆಸ್ಪತ್ರೆಗಳಿಂದ 12,539 ರೋಗಿಗಳ ಮಾಹಿತಿ ಕೂಡಿತು. ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಮೇಲಿರುವ ದೇಶಗಳಲ್ಲಿ ಗಾಯದ ಸೋಂಕು ಶೇ 9.4, ನಡುವಿನವುಗಳಲ್ಲಿ ಶೇ 14, ಕೆಳಗಿನವುಗಳಲ್ಲಿ ಶೇ 23.2 ಎಂದು 2018ರಲ್ಲಿ ಪ್ರಕಟವಾಯಿತು. ಮೇಷ್ಟ್ರು ಲೆಕ್ಕಕ್ಕೆ ಶೇ 14 ಹಿಡಿದದ್ದು ಇಲ್ಲಿಂದಲೇ ಇರಬೇಕು. ಮಾಹಿತಿ ಕೂಡಿಸಿದವರಲ್ಲಿ ತರಬೇತಿಯಲ್ಲಿದ್ದವರೂ ವಿದ್ಯಾರ್ಥಿಗಳೂ ಬಹಳ ಮಂದಿ, ಮತ್ತು ಅವರೆಲ್ಲರ ಹೆಸರೂ ಸಹಯೋಗಿಗಳ ಪಟ್ಟಿಯಲ್ಲಿದೆ. ಎರಡು ವಾರದ ದಾಖಲೆಗಾಗಿ ಯಾರೂ ಓ.ಟಿ. ಬಿಡಬೇಕಾಗುವುದಿಲ್ಲ. ಇಂಥ ಒಂದು ಅಧ್ಯಯನದಲ್ಲಿ ಕೈಜೋಡಿಸಿದರೆ ಪ್ರೋಟೊಕಾಲ್ (ಅಧ್ಯಯನದ ವಿವರವಾದ ಯೋಜನೆ) ಹೇಗೆ ಬರೆಯುತ್ತಾರೆ, ‘ಸೋಂಕು’ ಎಂಬುದನ್ನು ಎಲ್ಲರೂ ಒಂದೇ ರೀತಿ ಗುರುತಿಸುವಂತೆ ಹೇಗೆ ವ್ಯಾಖ್ಯಾನಿಸುತ್ತಾರೆ ಎಂಬುದು ಕಣ್ಣಾರೆ ತಿಳಿಯುತ್ತದೆ.

ಕೊನೆಗೆ ಸ್ವಲ್ಪ ಕಹಿಯಾದ ಮಾತು. ಲೇಖನದಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬುದನ್ನು ಕೆಲಸ ಆರಂಭಿಸುವ ಮುನ್ನ ಗೈಡ್ ಜೊತೆ ಮಾತಾಡಿ, ಒಂದು ಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಹಿರಿಯರ ಎದುರು ಇದನ್ನು ಎತ್ತಲು ನಮ್ಮವರಿಗೆ ಸಂಕೋಚ. ಕೆಲಸವೆಲ್ಲ ಮುಗಿದ ಮೇಲೆ ಎತ್ತುವುದು ಇನ್ನೂ ಕಷ್ಟ.

ಮೂರ್ನಾಡು ಹೌಸ್‌ಸರ್ಜನ್

ಸರ್ಜನ್ ಸರ್, ಮೇಷ್ಟ್ರೇ, ಮೇಡಂ, ಮೂವರಿಗೂ ವಂದನೆಗಳು. ಬಿಡುವಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಪಿಜಿ ಸೀಟು ಯಾವ ಊರಿನಲ್ಲಿ ಸಿಕ್ಕರೂ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಯಲ್ಲಿ ಏನು ನೋಡಬೇಕೆಂಬುದೂ ಈಗ ಸ್ವಲ್ಪ ಹೊಳೆಯುತ್ತಿದೆ. ಸದ್ಯಕ್ಕೆ ನಮ್ಮ ಸರ್ಜರಿ ಘಟಕದ ಮುಖ್ಯಸ್ಥರ ಒಪ್ಪಿಗೆ ಪಡೆದು, ಕ್ಯಾಶುವಾಲ್ಟಿಯಲ್ಲಿ ಬಿದ್ದು ಬಂದವರಿಗಾಗಿ ಒಂದು ಪುಟದ ನಮೂನೆ ಮಾಡಿ, ಮುಂದಿನ ಕೊಯ್ಲಿಗೆ ಮೊದಲು ಎಥಿಕ್ಸ್ ಕಮಿಟಿಗೆ ಸಲ್ಲಿಸಬೇಕೆಂದಿದ್ದೇನೆ. ನಾನು ಇಲ್ಲಿಂದ ಹೋದರೂ ಮುಂದಿನ ಬ್ಯಾಚಿನವರು ಅದನ್ನು ತುಂಬುವಂತಾಗಬೇಕು. ನಮೂನೆಯಲ್ಲಿ ಐವತ್ತು ಅಂಶಗಳಾಗಿವೆ, ಹೆಚ್ಚಾಯಿತೇ?

ಗೋಣಿಕೊಪ್ಪಲು ಸರ್ಜನ್

ಬಹಳ ಹೆಚ್ಚಾಯಿತು. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವವರು ರಕ್ತಕ್ಕೆ ಓಡಾಡುವಾಗ ಐವತ್ತು ಅಂಶ ತುಂಬುವುದಿಲ್ಲ. ತುಂಬಿದರೂ ಬೆಳಿಗ್ಗೆ ಊಹಿಸಿ ತುಂಬಿದ್ದಾಗಿರುತ್ತದೆ. ಹದಿನೈದಕ್ಕೆ ಇಳಿಸಿ. ಬಿದ್ದ ಹೊತ್ತು, ತಲುಪಿದ ಹೊತ್ತು, ಬಂದಾಗಿನ ಬಿ.ಪಿ. ಮತ್ತು ನಾಡಿ, ಕಾಲಿನ ಚಲನೆ, ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೆ ರಕ್ತ ಇದೆಯೇ, ಇಲ್ಲಿಯೇ ಆಪರೇಷನ್ ಆಯಿತೋ ಬೇರೆಡೆಗೆ ಕಳುಹಿಸಿದರೋ, ಇವು ಇರಲೇಬೇಕು. ನಾನು ಮೇಲೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತಿಲ್ಲ. ಆದರೆ ಗುಲ್ಮ ಒಡೆದವರಲ್ಲಿ ಯಾರನ್ನು ಕಾದು ನೋಡಬಹುದು, ಯಾರನ್ನು ತಡಮಾಡದೆ ತೆರೆಯಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯ ಲೆಕ್ಕ ಸಿಗುವುದಾದರೆ ನನಗೂ ಅದು ಬೇಕು. ನಮ್ಮಲ್ಲಿ ಬರುವ ಕೇಸುಗಳಿಗೂ ಅದೇ ನಮೂನೆ ಬಳಸುತ್ತೇನೆ, ಕಮಿಟಿಗೆ ಕೊಡುವ ಅರ್ಜಿಯಲ್ಲಿ ನಮ್ಮ ಆಸ್ಪತ್ರೆಯನ್ನೂ ಸೇರಿಸಿ.

ಕಮ್ಯುನಿಟಿ ಮೆಡಿಸಿನ್ ಮೇಷ್ಟ್ರು, ಕುಶಾಲನಗರ

ಎರಡು ಆಸ್ಪತ್ರೆಗಳಾದರೆ ಇನ್ನೂ ಒಳ್ಳೆಯದು, ಆದರೆ ಕಳುಹಿಸಿದ ರೋಗಿಯನ್ನು ಎರಡು ಸಲ ಎಣಿಸದಂತೆ ಸಂಕೇತ ಸಂಖ್ಯೆಯನ್ನು ಯೋಚಿಸಿ ಇಡಿ. ಎತ್ತರವನ್ನು ಮೀಟರಿನಲ್ಲಿ ಕೇಳಬೇಡಿ. ಏಣಿಗೆ ಎಷ್ಟು ಗಣ್ಣು, ಎಷ್ಟನೆಯ ಗಣ್ಣಿನ ಮೇಲೆ ನಿಂತಿದ್ದೆ ಎಂದು ಕೇಳಿದರೆ ಕಾರ್ಮಿಕರು ಸರಿಯಾಗಿ ಹೇಳುತ್ತಾರೆ. ಅಡಿಗೆ ಪರಿವರ್ತಿಸುವುದನ್ನು ನಾವು ಆಮೇಲೆ ಮಾಡಿಕೊಳ್ಳೋಣ. ಕರಡು ಸಿದ್ಧವಾದ ಮೇಲೆ ಹತ್ತು ರೋಗಿಗಳ ಮೇಲೆ ಪ್ರಯತ್ನಿಸಿ ನೋಡುವ ಪೈಲಟ್ ಹಂತವನ್ನೂ ಅರ್ಜಿಯಲ್ಲಿಯೇ ಬರೆಯಿರಿ. ಇಲ್ಲವಾದರೆ ಅದಕ್ಕೆ ಮತ್ತೊಮ್ಮೆ ಒಪ್ಪಿಗೆ ಕೇಳಬೇಕಾಗುತ್ತದೆ.